ಕಾಂತರಾಜನ ಬೆರಳು ಮತ್ತು ನಾಲ್ಕನೆಯ ಪೈಪು

ನಾಲ್ಕು ಪೈಪುಗಳಲ್ಲಿ ಮೂರು ಕೂತವು. ನಾಲ್ಕನೆಯದು ಕೂರಲಿಲ್ಲ.

ಮಲವಗೊಪ್ಪದ ಕಾಂತರಾಜ್ ತನ್ನ ಟ್ರ್ಯಾಕ್ಟರಿನ ಮುಂಭಾಗಕ್ಕೆ ಲೋಡರ್ ಜೋಡಿಸುತ್ತಿದ್ದ. ಮಣ್ಣು, ಗೊಬ್ಬರ ಎತ್ತುವ ಆ ಬಕೆಟ್ಟನ್ನು ಉಳುಮೆಗೆಂದು ತಿಂಗಳ ಹಿಂದೆ ಬಿಚ್ಚಿ ಅಂಗಳದ ಬಿಸಿಲಲ್ಲಿ ಇಟ್ಟಿದ್ದ. ಹನ್ನೊಂದು ಗಂಟೆಗೆ ಭದ್ರಾವತಿಯಲ್ಲಿ ಕೆಲಸ ಒಪ್ಪಿಕೊಂಡಿದ್ದ. ಲೋಡರಿನ ಎಣ್ಣೆ ಪೈಪಿನ ತುದಿಯನ್ನು ಎಷ್ಟು ಒತ್ತಿದರೂ ಅದು ಹಿಂದಕ್ಕೆ ಒದೆಯುತ್ತಿತ್ತು.

ಅವನ ತಂದೆ ಧರ್ಮಪ್ಪ ಜಗಲಿಯಿಂದ ಎದ್ದು ಬಂದರು. ಇಪ್ಪತ್ತೆಂಟು ವರ್ಷ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದು, ಕಾಗದದ ಮಿಲ್ಲಿನಲ್ಲಿ ನೀರಿನ ಪೈಪುಗಳ ಫಿಟ್ಟರ್ ಆಗಿದ್ದವರು.

"ಒಳಗೆ ಒತ್ತಡ ನಿಂತಿದೆ ಕಣೋ. ಹಿಂದಿನ ನಟ್ ಒಂದು ಸುತ್ತು ಸಡಿಲ ಮಾಡು. ಎಣ್ಣೆ ಸ್ವಲ್ಪ ಹೋದ್ರೆ ತಾನಾಗಿ ಕೂರತ್ತೆ."

"ಮೆಕ್ಯಾನಿಕ್ ಗುರುನ ಕೇಳ್ಲಾ ಅಪ್ಪಾ?"

"ಅವನು ಹುಟ್ಟೋಕೆ ಮುಂಚೆ ನಾನು ಸ್ಪ್ಯಾನರ್ ಹಿಡ್ದೋನು ಮಾರಾಯ!"

ಕಾಂತರಾಜ್ ನಟ್ ಸಡಿಲಿಸಿದ. ಬುಸ್ಸೆಂದು ಎಣ್ಣೆ ಹಾರಿತು. ಪೈಪು ಕೂತಿತು. ನಟ್ಟನ್ನು ಮತ್ತೆ ಬಿಗಿ ಮಾಡಿದ. ಪೂರ್ತಿ ಬಿಗಿಯಾಗಿರಲಿಲ್ಲ. ಎಂಜಿನ್ ಚಾಲೂ ಮಾಡಿ ಬಕೆಟ್ ಎತ್ತಿದಾಗ ಅಲ್ಲೆಲ್ಲೋ ಮಂಜಿನ ಹಾಗೆ ಎಣ್ಣೆ ಚಿಮ್ಮತೊಡಗಿತು.

"ಎಲ್ಲಿ ಸೋರ್ತಿದೆ, ಬೆರಳಾಡಿಸಿ ನೋಡು," ಎಂದರು ಧರ್ಮಪ್ಪ. ಮಿಲ್ಲಿನಲ್ಲಿ ಅವರು ನೀರಿನ ಸೋರಿಕೆ ಹುಡುಕುತ್ತಿದ್ದದ್ದು ಹಾಗೆಯೇ.

ಕಾಂತರಾಜ್ ತೋರುಬೆರಳಾಡಿಸಿದ. ಥಟ್ಟನೆ ಕೈ ಎಳೆದುಕೊಂಡ.

"ಏನಾಯ್ತು ರೀ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಶೀಲಾ ಕೇಳಿದಳು.

"ಏನಿಲ್ಲ ಮಾರಾಯ್ತಿ. ಮುಳ್ಳು ಚುಚ್ಚಿದ ಹಾಗಾಯ್ತು."

ಬೆರಳಿನ ತುದಿಯಲ್ಲಿ ಒಂದು ಚುಕ್ಕಿ. ರಕ್ತವೂ ಇಲ್ಲ. ನೋವೂ ಅಷ್ಟಿಲ್ಲ. ಎಂಜಿನ್ ಆರಿಸಿ, ಅಪ್ಪ ಮಗ ಚಹಾ ಕುಡಿದರು.

ಮುಕ್ಕಾಲು ಗಂಟೆ ಕಳೆಯಿತು. ಶೀಲಾ ಲೋಟ ತೆಗೆಯಲು ಬಂದಾಗ ಗಂಡ ಎಡಗೈಯಲ್ಲಿ ಲೋಟ ಹಿಡಿದಿದ್ದ. ಬಲಗೈಯ ಬೆರಳು ಬಿಳುಚಿಕೊಂಡು ಬಿಗಿಯಾಗಿತ್ತು.

"ತಡಿ, ಉಪ್ಪಿನ ಶಾಖ ಕೊಡೋಣ," ಎಂದು ಮಾವ ಒಳಗೆ ಹೋದರು.

ಶೀಲಾ ಶಿವಮೊಗ್ಗದ ಮೆಕ್ಯಾನಿಕ್ ಗುರುವಿಗೆ ಫೋನ್ ಮಾಡಿದಳು. ಬೆರಳಿನ ವಿಷಯಕ್ಕಲ್ಲ. ಪೈಪು ಸೋರುತ್ತಿದೆ, ಬಂದು ನೋಡು ಎನ್ನಲು.

"ಬರ್ತೀನಿ ಅಕ್ಕಾ. ಯಾರೂ ಕೈ ಇಟ್ಟಿಲ್ಲ ತಾನೆ?"

"ಇಟ್ಟಿದ್ರು. ಸಣ್ಣಗೆ ಚುಚ್ಚಿದೆ ಅಷ್ಟೆ."

ಆ ಕಡೆ ಗುರು ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿಸಿತು.

"ಎಷ್ಟು ಹೊತ್ತಾಯ್ತು?"

"ಒಂದು ಗಂಟೆ ಹತ್ರ ಆಯ್ತೇನೋ."

"ಅಕ್ಕಾ, ಎಣ್ಣೆ ಚರ್ಮದ ಒಳಗೆ ಹೋಗಿದೆ. ಈಗಲೇ ದೊಡ್ಡಾಸ್ಪತ್ರೆಗೆ ಹೊರಡಿ. ನಾಳೆ ಅಂದ್ರೆ ಬೆರಳು ಉಳಿಯಲ್ಲ. ಕೈಯೇ ಹೋದವರನ್ನ ನೋಡಿದೀನಿ."

ಶೀಲಾ ಗಂಡನ ಹತ್ತಿರ ಹೋದಳು. ಫೋನಿನ ಸ್ಪೀಕರ್ ಹಾಕಿದಳು.

"ಮುಳ್ಳು ಚುಚ್ಚಿದಷ್ಟಕ್ಕೆ ಆಸ್ಪತ್ರೆನಾ?" ಉಪ್ಪಿನ ಗಂಟು ಹಿಡಿದು ಹೊರಬಂದ ಧರ್ಮಪ್ಪ ರೇಗಿದರು. "ಊರಿಗೆಲ್ಲ ಹೆದರಿಕೆ ಹುಟ್ಟಿಸ್ತೀಯಲ್ಲೋ!"

"ಧರ್ಮಪ್ಪನೋರೆ, ನೀವು ನೋಡಿದ್ದು ನೀರಿನ ಪೈಪು. ಇದರ ಒತ್ತಡ ಮನೆ ನಲ್ಲಿಯ ನೂರು ಪಟ್ಟು. ಶಾಖ ಕೊಡಬೇಡಿ, ಉಜ್ಜಬೇಡಿ. ಅಕ್ಕಾ, ಡಾಕ್ಟ್ರಿಗೆ 'ಗಾಯ ಆಗಿದೆ' ಅಂತ ಮಾತ್ರ ಅನ್ನಬೇಡಿ. 'ಒತ್ತಡದ ಹೈಡ್ರಾಲಿಕ್ ಎಣ್ಣೆ ಒಳಗೆ ಹೋಗಿದೆ' ಅಂತಲೇ ಹೇಳಿ."

"ಕೆಲಸ ಒಪ್ಕೊಂಡಿದೀನಿ. ಸಂಜೆ ಹೋದ್ರಾಯ್ತು," ಎಂದ ಕಾಂತರಾಜ್.

"ಬೆರಳು ಮಡಚಿ ತೋರಿಸಿ," ಎಂದಳು ಶೀಲಾ.

ಅವನು ಪ್ರಯತ್ನಿಸಿದ. ಬೆರಳು ಮಡಚಲಿಲ್ಲ. ಆಗ ಅವನ ಮುಖದಲ್ಲಿ ಮೊದಲ ಸಲ ಹೆದರಿಕೆ ಕಾಣಿಸಿತು.

ಶೀಲಾ ಸ್ಕೂಟರ್ ತೆಗೆದಳು. ಅವನು ಹಿಂದೆ ಕೂತ. ಶಿವಮೊಗ್ಗದವರೆಗೆ ಬಲಗೈಯನ್ನು ಎದೆಮಟ್ಟಕ್ಕೆ ಎತ್ತಿ ಹಿಡಿದಿದ್ದ.

ಆಸ್ಪತ್ರೆಯಲ್ಲಿ ಗುರು ಹೇಳಿಕೊಟ್ಟ ಮಾತನ್ನೇ ಹೇಳಿದಳು. ಸರದಿಯಲ್ಲಿ ಕೂರಿಸಲಿಲ್ಲ. ಅಂಗೈಯವರೆಗೆ ಕೊಯ್ದು ಎಣ್ಣೆ ತೊಳೆದರು. ಅವಳು ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

"ಬೇಗ ಬಂದಿರಿ," ಎಂದರು ಡಾಕ್ಟರ್. "ಬೆರಳು ಉಳಿಯುತ್ತೆ. ತುದಿ ಮಾತ್ರ ಮೊದಲಿನ ಹಾಗೆ ಮಡಚೋದು ಕಷ್ಟ."

ಎರಡು ವಾರದ ಮೇಲೆ ಗುರು ಅಂಗಳಕ್ಕೆ ಬಂದ. ಧರ್ಮಪ್ಪ ತಾವೇ ಮುಂದೆ ಬಂದು ನಿಂತರು.

"ಸರಿಯಾಗಿ ತೋರಿಸಪ್ಪ. ಮಗನ ಕೈಗೆ ಕತ್ತರಿ ಹಾಕಿಸಿದೋನು ನಾನು."

"ಬಿಚ್ಚುವಾಗಲೇ ಬಕೆಟ್ ನೆಲಕ್ಕೆ ಇಳಿಸಿ ಯಜಮಾನ್ರೆ. ಎಂಜಿನ್ ಆರಿಸಿ. ಆಮೇಲೆ ಬಕೆಟ್ ಎತ್ತಿಳಿಸೋ ಲಿವರನ್ನ ನಾಲ್ಕೂ ಕಡೆ ಎರಡು ಮೂರು ಸಲ ಆಡಿಸಿ. ಒತ್ತಡ ಇಳಿಯತ್ತೆ. ಬಿಚ್ಚಿದ ಲೋಡರನ್ನ ನೆರಳಲ್ಲಿಡಿ. ಬಿಸಿಲಿಗೆ ಎಣ್ಣೆ ಉಬ್ಬಿ ಮತ್ತೆ ಒತ್ತಡ ಕೂರತ್ತೆ."

"ಜೋಡಿಸುವಾಗ?"

"ಆಗಲೂ ಎಂಜಿನ್ ಆರಿಸಿ, ಲಿವರ್ ಆಡಿಸಿ. ತುದಿ ಒರೆಸಿ, ಪೈಪಿನ ಗುರುತಿನ ಬಣ್ಣಕ್ಕೆ ಅದೇ ಬಣ್ಣದ ಕಿಂಡಿ ಹೊಂದಿಸಿ ಒತ್ತಿ. ಅದಲು ಬದಲಾದ್ರೆ ಇಳಿಸೋಕೆ ಹೋದಾಗ ಬಕೆಟ್ ಏರತ್ತೆ. ಆದ್ರೂ ಕೂರ್ಲಿಲ್ವಾ? ಸುತ್ತಿಗೆ ಬೇಡ, ನಟ್ ಮುಟ್ಟೋದು ಬೇಡ. ಮೆಕ್ಯಾನಿಕ್‌ನ ಕರೀರಿ."

"ಸೋರಿದ್ರೆ?"

"ಕೈ ಬೇಡ, ದೂರದಿಂದ ರಟ್ಟು ಹಿಡೀರಿ. ಎಣ್ಣೆ ರಟ್ಟಿನ ಮೇಲೆ ಬೀಳತ್ತೆ, ಎಲ್ಲಿ ಸೋರ್ತಿದೆ ಅಂತ ಗೊತ್ತಾಗತ್ತೆ."

ಧರ್ಮಪ್ಪ ಲಿವರನ್ನು ನಾಲ್ಕೂ ಕಡೆ ಆಡಿಸಿದರು. ಇನ್ನೊಂದು ಸಲ ಆಡಿಸಿದರು. ಶೀಲಾ ನೋಡುತ್ತಿದ್ದಳು. ಆಮೇಲೇ ಅವರು ಪೈಪಿಗೆ ಕೈ ಹಾಕಿದರು.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲೂ ಲೋಡರ್ ಇರಬಹುದು. ಎತ್ತಿದ ಬಕೆಟ್ಟಿನ ಕೆಳಗೆ ಯಾರನ್ನೂ ಬಿಡಬೇಡಿ. ಒತ್ತಡ ಇಳಿಸದೆ ಪೈಪು ಮುಟ್ಟಲು ಬಿಡಬೇಡಿ. ಎಣ್ಣೆ ಚುಚ್ಚಿದರೆ ಗಾಯ ಎಷ್ಟು ಸಣ್ಣದೆಂದು ನೋಡುತ್ತ ಕೂರಬೇಡಿ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಿ. ಚುಚ್ಚಿಸಿಕೊಂಡವರು ಏನೂ ಆಗಿಲ್ಲ ಎನ್ನುತ್ತಾರೆ. ಎಬ್ಬಿಸಿ ಕರೆದುಕೊಂಡು ಹೋಗಿ. ಕೋಪ ಮಾಡಿಕೊಂಡರೆ ಮಾಡಿಕೊಳ್ಳಲಿ. ಕೋಪ ಮಾಡಿಕೊಳ್ಳಲಿಕ್ಕಾದರೂ ಮನುಷ್ಯ ಬದುಕಿ ಮನೆಯಲ್ಲಿರಬೇಕು.