ಒಳಗಿದ್ದವಳು

"ನೀನು ಹೊರಗೆ ಕೂತಿದ್ದಿಯಾ, ಇಲ್ಲವಾ?" ಪ್ರೇಮಾವತಿ ಬಾಯಿಗೆ ಸೆರಗು ಹಿಡಿದು ಮಗಳ ಕಿವಿಯಲ್ಲಿ ಕೇಳಿದಳು. ಬೆಳ್ತಂಗಡಿಯ ಡಾಕ್ಟರ್ ಸುಬ್ಬಯ್ಯನವರ ಜಗಲಿಯಲ್ಲಿ ಬೇರೆ ರೋಗಿಗಳೂ ಇದ್ದರು.

ಬೆರಳಿಗೆ ಹತ್ತಿ ಒತ್ತಿಕೊಂಡಿದ್ದ ಶಶಿಪ್ರಭಾಳ ಗಮನವೆಲ್ಲ ಒಳಕೋಣೆಯ ಸೂಕ್ಷ್ಮದರ್ಶಕದ ಮೇಲಿತ್ತು. "ಇಲ್ಲಮ್ಮ, ಒಳಗೇ ಇದ್ದೆ. ಅದಕ್ಕೇ ಈ ಪರೀಕ್ಷೆ."

ಪ್ರೇಮಾವತಿಯ ಮುಖ ಬಿಳಿಚಿಕೊಂಡಿತು.

ವಿಕಿರಣ ತಗುಲಿದ ಮನುಷ್ಯನ ಕಾಯಿಲೆಯನ್ನು ಯಾವ ಪ್ರಾಣಿಯ ಮೈ ಸರಿಯಾಗಿ ತೋರಿಸಿಕೊಡುತ್ತದೆ ಎಂದು ಹುಡುಕುವುದು ಬೆಂಗಳೂರಿನಲ್ಲಿ ಶಶಿಪ್ರಭಾಳ ಪ್ರಯೋಗಶಾಲೆಯ ಕೆಲಸ. ಇಲಿ ಸಾಲದಾಗಿತ್ತು, ಇಲಿಗೆ ವಾಂತಿ ಬರುವುದಿಲ್ಲ. ಹಾಗಾಗಿ ನಾಯಿಗಳನ್ನು ತರಿಸಿದ್ದರು. ಕಿರಣ ಬಿದ್ದು ಎಷ್ಟು ಹೊತ್ತಿಗೆ ನಾಯಿ ಕಾರುತ್ತದೆ ಎಂದು ಕಾದು ಕೂರುವವಳು ಇವಳು.

ರಜೆಗೆ ಹೊರಟ ದಿನ ಬೆಳಗ್ಗೆ ಒಂದು ನಾಯಿಯನ್ನು ಕರೆತರಲು ಕಿರಣದ ಕೋಣೆಗೆ ಹೋಗಿದ್ದಳು. ಬಾಗಿಲ ಮೇಲಿನ ಕೆಂಪು ದೀಪ ಉರಿಯುತ್ತಿರಲಿಲ್ಲ. ದೀಪ ಆರಿದ್ದರೆ ಯಂತ್ರ ಮುಚ್ಚಿದೆ, ಕಿರಣ ಬೀಳುತ್ತಿಲ್ಲ ಎಂದರ್ಥ. ಆಮೇಲೆ ಬಟ್ಟೆಯ ಪೆಟ್ಟಿಗೆ ಹಿಡಿದು ಗೇಟು ದಾಟುವಾಗ ಕಾವಲುಗಾರ ಹೇಳಿದ್ದ: "ಆ ಬಲ್ಬು ನಿನ್ನೇನೇ ಸುಟ್ಹೋಯ್ತಲ್ಲಮ್ಮ." ವಿಚಾರಿಸೋಣವೆಂದರೆ ಯಂತ್ರ ನೋಡಿಕೊಳ್ಳುವವನು ಇನ್ನೂ ಬಂದಿರಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಮಧ್ಯಾಹ್ನ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಅವಳು ಕಾರಿದಳು. ಕಕ್ಕಿಂಜೆಯಲ್ಲಿ ಬಸ್ಸು ನಿಂತಾಗ ಮತ್ತೊಮ್ಮೆ. ಅರ್ಧ ಬಸ್ಸೇ ಕಾರುತ್ತಿತ್ತು, ನಿಜ. ಆದರೆ ನಾಯಿಗಳು ಕಾರುತ್ತಿದ್ದದ್ದೂ ಸುಮಾರು ಅಷ್ಟೇ ಹೊತ್ತಿಗೆ.

ಇನ್ನು ನಿಜ ಹೇಳಬೇಕಾದದ್ದು ರಕ್ತ. ಕಿರಣ ತಗುಲಿದ್ದರೆ ಎರಡು ಮೂರು ದಿನಗಳಲ್ಲೇ ದುಂಡಗಿನ ಬಿಳಿ ಕಣಗಳು ಮಾಯವಾಗುತ್ತವೆ. ಎಷ್ಟೋ ನಾಯಿಗಳ ರಕ್ತದಲ್ಲಿ ಅವು ಮಾಯವಾದದ್ದನ್ನು ಅವಳೇ ನೋಡಿದ್ದಳು. ಇಂದಿಗೆ ಮೂರನೇ ದಿನ.

"ಬನ್ನಿ, ಬಣ್ಣ ಒಣಗಿತು," ಡಾಕ್ಟರು ಕರೆದರು. "ನೀವೇ ನೋಡ್ತೀರಾ? ನನಗಿಂತ ನಿಮಗೇ ಅಭ್ಯಾಸ ಉಂಟಲ್ಲ."

ಅವಳು ಬಾಗಿ ಕಣ್ಣಿಟ್ಟಳು. ಮೊದಲು ಎಲ್ಲ ಮಂಜು. ತಿರುಪು ತಿರುಗಿಸಿದಳು. ಆಮೇಲೆ ಕೆಂಪು ಕಣಗಳ ನಡುವೆ ಒಂದು ದುಂಡು ನೇರಳೆ ಬೊಟ್ಟು, ಬಣ್ಣ ಹೀರಿದ ಬಿಳಿ ಕಣ. ಗಾಜನ್ನು ಸರಿಸಿದಳು. ಮತ್ತೊಂದು. ಅದರಾಚೆ ಎರಡು ಒತ್ತಟ್ಟಿಗೆ. ಗಾಜಿನ ಅಂಚಿನವರೆಗೂ ಸರಿಸುತ್ತ ಹೋದಳು, ಎಲ್ಲೆಲ್ಲೂ ಇದ್ದವು.

"ಎಂತ, ಬದುಕ್ತದಾ ನಿಮ್ಮ ಪ್ರಾಣಿ?"

"ಬದುಕ್ತದೆ," ಎಂದಳು. ಕಣ್ಣು ಒರೆಸಿಕೊಳ್ಳಲು ಸ್ವಲ್ಪ ಹೊತ್ತು ಬಾಗಿಯೇ ಇದ್ದಳು.

ಡಾಕ್ಟರು ಬಾಗಿಲಿಗೆ ಬಂದು ಪ್ರೇಮಾವತಿಗೆ ಹೇಳಿದರು: "ಮಗಳಿಗೆ ಎಂತದೂ ಇಲ್ಲ. ಅದು ಘಾಟಿ ವಾಂತಿ ಮಾರಾಯ್ತಿ."

"ಬೇರೆ ಎಂತದಾದರೂ... ಇಲ್ಲವಾ? ಹೊರಗೆ ಕೂರಲಿಲ್ಲ ಅಂತ ಅವಳೇ ಹೇಳಿದಳು."

ಶಶಿಪ್ರಭಾಳಿಗೆ ಆಗ ಅರ್ಥವಾಯಿತು. ತಿಂಗಳ ಮೂರು ದಿನ. ವಾಂತಿಯ ಜೊತೆ ಸೇರಿಸಿ ಜಗಲಿಯಲ್ಲಿ ಅಮ್ಮ ಕೇಳಿದ್ದು ಅದನ್ನು. ಅವಳು ಹತ್ತಿರ ಹೋಗಿ ಮೆಲ್ಲಗೆ ಅಂದಳು: "ಕಳೆದ ವಾರವೇ ಕೂತಿದ್ದೆ ಅಮ್ಮ. ನಾನು ಹೇಳಿದ್ದು ಕೆಲಸದ ಕೋಣೆಯ ವಿಷಯ."

"ಕೋಣೆಯಾ? ಅಷ್ಟೇಯಾ?" ಪ್ರೇಮಾವತಿ ಉಸಿರು ಬಿಟ್ಟಳು. "ಕೋಣೆಯೊಳಗೆ ಇದ್ದರೆ ಎಂತ ಆಗ್ತದೆ? ಸುಮ್ಮನೆ ಹೆದರಿಸಿದೆ ನನ್ನನ್ನು."

"ಎಂತದೂ ಆಗಲಿಲ್ಲ," ಎಂದಳು ಶಶಿಪ್ರಭಾ.

ಎದುರಿನ ಹನೀಫಾನ ಅಂಗಡಿಗೆ ಅಮ್ಮನೇ ಮುಂದಾಗಿ ನಡೆದಳು. ಪೇಟೆಯಲ್ಲಿ ನೀರೂ ಮುಟ್ಟದವಳು ಗೋಲಿ ಸೋಡಾವನ್ನು ಕತ್ತೆತ್ತಿ ಕುಡಿದಳು, ಮೂಗಿಗೇರಿ ಕೆಮ್ಮಿದಳು, ಖಾಲಿ ಬಾಟಲಿಯನ್ನು ಹಲಗೆಯ ಮೇಲಿಟ್ಟು ಇನ್ನೊಂದಕ್ಕೆ ಕೈ ಚಾಚಿದಳು. ಬಾಟಲಿಯೊಳಗೆ ಗೋಲಿ ಇನ್ನೂ ಸದ್ದು ಮಾಡುತ್ತಿತ್ತು.