ಕೆಲಸದವಳ ಹೆಜ್ಜೆಗೊಂದು ಸದ್ದು

ಅಜ್ಜಿ ಇದ್ದಿದ್ದರೆ ಈ ಕಥೆಯನ್ನು ಹೀಗೆ ಎತ್ತಿಕೊಳ್ಳುತ್ತಿದ್ದಳು: ಏಳು ಬಾಗಿಲ ಆಚೆ, ಬಿಸಿಲೇ ಇಣುಕದ ಕೋಣೆಯಲ್ಲಿ ಒಬ್ಬ ಹುಡುಗಿ ಇದ್ದಳಂತೆ. ಕಿವಿಗೆರಡು ಕರಿ ಬಟ್ಟಲು ಕವುಚಿಕೊಂಡು ಕೂತಿರುತ್ತಿದ್ದಳಂತೆ. ಅವಳು ಒಂದು ಗುಂಡಿ ಒತ್ತಿದರೆ ನಾಡಿಗೆ ನಾಡೇ ನಗುತ್ತಿತ್ತಂತೆ, ಇನ್ನೊಂದು ಒತ್ತಿದರೆ ನಾಡಿಗೆ ನಾಡೇ ಅಳುತ್ತಿತ್ತಂತೆ. ಆಮೇಲೆ? ಆಮೇಲೆ ಒಂದು ದಿನ ಆ ಹುಡುಗಿ ತನ್ನ ತಾಯಿಗೆ ಒಂದು ಮಾತು ಕೊಟ್ಟಳಂತೆ.

ಆ ಹುಡುಗಿ ನಾನು. ಕೋಣೆ ಇರುವುದು ಎರಡನೇ ಮಹಡಿಯಲ್ಲಿ. ಬಾಗಿಲು ಏಳಲ್ಲ, ಎರಡೇ. ಹೊರಗಿನ ಸದ್ದು ನುಸುಳದಂತೆ ಸಂದಿಗೆಲ್ಲ ರಬ್ಬರ್ ಪಟ್ಟಿ ಬಡಿದದ್ದು. ಸಂಜೆ ಏಳಕ್ಕೆ ಬರುವ ಧಾರಾವಾಹಿಗೆ ಸದ್ದು ಕೂರಿಸುವುದು ನನ್ನ ಕೆಲಸ. ನಮ್ಮ ವಿಭಾಗದ ಹಿರಿಯರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಾರೆ. ಅವರು ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದಾರೆ. ನಾಯಕಿ ಬಂದರೆ ಕೊಳಲು. ಯಜಮಾನರು ಬಂದರೆ ಗಂಭೀರವಾದ ತಂತಿವಾದ್ಯ. ತೋಳಿಲ್ಲದ ಅಂಗಿ ತೊಟ್ಟು ಆಫೀಸಿಗೆ ಹೋಗುವ ಹೆಂಗಸು ಬಂದರೆ ಹಾವು ಬುಸುಗುಟ್ಟಬೇಕು. ಕೆಲಸದವಳು ಬಂದರೆ ಹೆಜ್ಜೆ ಹೆಜ್ಜೆಗೂ 'ಟೊಂಯ್'.

ಆ ಟೊಂಯ್ ನನ್ನದೇ ಕೂಸು. ಕೆಲಸಕ್ಕೆ ಸೇರಿದ ಮೊದಲ ವಾರ ಸ್ಟೀಲ್ ಸ್ಕೇಲೊಂದನ್ನು ಮೇಜಿನಂಚಿಗೆ ಒತ್ತಿ ಹಿಡಿದು, ಮೀಟಿ, ಹಿಡಿದ ಸದ್ದಿನ ವೇಗ ಇಳಿಸಿ ಮಾಡಿದ್ದು. ಆ ಪಾತ್ರ ಮಾಡುವಾಕೆ ನಿಜಕ್ಕೂ ಬೆಳ್ಳಗೆ, ತೆಳ್ಳಗೆ ಇದ್ದಾಳೆ. ದಿನಾ ಅವಳ ಮುಖಕ್ಕೆ ಕಪ್ಪು ಬಳಿದು, ಸೊಂಟಕ್ಕೆ ದಿಂಬು ಕಟ್ಟುತ್ತಾರೆ. ನನ್ನ ಸದ್ದು ಬಿದ್ದ ಮೇಲೆಯೇ ಅವಳು ಪೂರ್ತಿ ಕೆಲಸದವಳಾದದ್ದು. ಮೇಷ್ಟ್ರು ಬಿದ್ದು ಬಿದ್ದು ನಕ್ಕಿದ್ದರು. "ಕಥೆಯಮ್ಮಾ, ನಿನ್ನ ಕೈಗೆ ಚಿನ್ನದ ಬಳೆ ತೊಡಿಸ್ಬೇಕು ಕಣಮ್ಮ!" ಮಾತಿಗೊಂದು ಅಜ್ಜಿಕಥೆ ತೆಗೆಯುತ್ತೇನೆಂದು ಅವರು ನನ್ನನ್ನು ಕರೆಯುವುದೇ ಹಾಗೆ. ನಾನೂ ನಕ್ಕಿದ್ದೆ. ನನ್ನ ಅಮ್ಮ ಹದಿನಾಲ್ಕು ವರ್ಷದಿಂದ ಒಂದು ದೊಡ್ಡ ಮನೆಯ ಕೆಲಸದವಳು ಎಂಬುದು ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವತ್ತು ನನಗೂ ನೆನಪಿರಲಿಲ್ಲ.

ಕಳೆದ ತಿಂಗಳು ಅಮ್ಮ ನಮ್ಮ ಮನೆಯೊಳಗೇ ಕಳ್ಳಬೆಕ್ಕಿನ ಹಾಗೆ ನಡೆಯತೊಡಗಿದಳು. ಮೊದಲು ತುದಿಬೆರಳು, ಆಮೇಲೆ ಮೆಲ್ಲಗೆ ಹಿಮ್ಮಡಿ. ಅವಳದು ಭಾರದ ಮೈ, ಎಡ ಮಂಡಿ ಸವೆದಿದೆ. ಹಾಗೆ ನಡೆದರೆ ಗೋಡೆ ಹಿಡಿಯಲೇಬೇಕು.

"ಏನಮ್ಮಾ ಇದು, ಯಾರ ಮನೆಗೆ ಕನ್ನ ಹಾಕೋಕೆ ಹೊರಟೆ?"

"ಅಭ್ಯಾಸ ಆಗ್ಬಿಟ್ಟಿದೆ ಕಣೇ," ಅಂದಳು. ಮುಂಗೈಗೆ ಬಟ್ಟೆ ಸುತ್ತಿಕೊಂಡಿದ್ದಳು. ಬಿಚ್ಚಿ ನೋಡಿದರೆ ಅಂಗೈಯಗಲ ಬೊಬ್ಬೆ.

ಬಾಯಿ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಅಮ್ಮ ಕೆಲಸಕ್ಕೆ ಹೋಗುವ ಮನೆಯ ಪುಟ್ಟಿಗೆ ಐದು ವರ್ಷ, ಅಮ್ಮನೇ ಎತ್ತಿ ಆಡಿಸಿದ ಕೂಸು. ಅದೀಗ ಅಮ್ಮನ ಹಿಂದೆ ಹಿಂದೆಯೇ ಬಂದು, ಅವಳು ಹೆಜ್ಜೆ ಇಟ್ಟಾಗಲೆಲ್ಲ 'ಟೊಂಯ್' ಅನ್ನುತ್ತದಂತೆ. ನೆಂಟರೆದುರೂ ಅಂದಿತಂತೆ, ಇಡೀ ನಡುಮನೆ ನಕ್ಕಿತಂತೆ. ಅಂದಿನಿಂದ ಅಮ್ಮನಿಗೆ ತುದಿಗಾಲು. ಮೊನ್ನೆ ಹಾಗೆಯೇ ಚಹಾ ಹೊತ್ತು ಮೆಟ್ಟಿಲಿಳಿಯುವಾಗ ಮಂಡಿ ಕೈಕೊಟ್ಟಿದೆ. ಬಿಸಿ ಚಹಾ ಮುಂಗೈಗೆ ಚೆಲ್ಲಿದೆ, ಮೆಟ್ಟಿಲ ಕಟಕಟೆ ಹಿಡಿದು ಉಳಿದುಕೊಂಡಿದ್ದಾಳೆ.

"ಮೇಡಂ ಏನೂ ಅನ್ಲಿಲ್ವಾ?"

"'ಮಗು ಅಲ್ವಾ, ಟಿವಿ ನೋಡಿ ಕಲ್ತಿದೆ, ಮನಸ್ಸಿಗೆ ಹಚ್ಕೋಬೇಡ' ಅಂದ್ರು. ಅವ್ರೂ ನಗ್ತಾನೇ ಅಂದ್ರು ಬಿಡು." ಅಮ್ಮ ಬಟ್ಟೆ ಮತ್ತೆ ಸುತ್ತಿಕೊಂಡಳು. "ನೀನು ಅಲ್ಲೇ ಕಂಪ್ಯೂಟರ್ ಕೆಲ್ಸ ಮಾಡ್ತೀಯಲ್ಲ. ಆ ಸದ್ದು ಹಾಕೋ ಪುಣ್ಯಾತ್ಮ ಯಾರೋ, ಅವನಿಗೊಂದು ಮಾತು ಹೇಳು, ನಿಲ್ಸಪ್ಪಾ ಅಂತ. ಅವನಿಗೂ ಒಬ್ಳು ತಾಯಿ ಇರ್ತಾಳೆ. ಯಾರು, ಏನಂದ, ನಂಗೆ ಬಂದು ಹೇಳ್ಬೇಕು. ಮಾತು ಕೊಡು."

ಕೊಟ್ಟೆ. ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ನನಗೆ ಒರೆಸುವ ಶ್ರಮವೂ ಇರಲಿಲ್ಲ, ಮೇಕೆಯನ್ನು ಅಮ್ಮನೇ ಹುಡುಕಿ ಕೊಟ್ಟಿದ್ದಳು.

ಮಾರನೆಯ ದಿನ ಮೇಷ್ಟ್ರೆದುರು ನಿಂತೆ. "ಸರ್, ಆ ಟೊಂಯ್ ಬಿಟ್ಬಿಡೋಣ್ವಾ?"

"ಯಾಕಮ್ಮಾ, ಸ್ಕೇಲ್ ಮುರೀತಾ?"

"ಹಾಗಲ್ಲ… ಸ್ವಲ್ಪ ಜಾಸ್ತಿ ಆಯ್ತೇನೋ ಅಂತ."

"ಜಾಸ್ತಿನಾ! ಜನ ಕಾಯೋದೇ ಅದಕ್ಕೆ. ಅವಳನ್ನ ಇನ್ನೂ ನಾಲ್ಕು ಹೆಜ್ಜೆ ಹೆಚ್ಚಿಗೆ ನಡೆಸಿ ಅಂತ ಚಾನೆಲ್‌ನೋರು ಕೇಳಿದ್ದಾರೆ. ಕಥೆಯಮ್ಮಾ, ನೀನು ಕೂತಿರೋ ಕುರ್ಚಿಗೆ ಹೊರಗಡೆ ಎಷ್ಟು ಜನ ಕಾದಿದ್ದಾರೆ, ಗೊತ್ತಲ್ವಾ?"

ನನ್ನ ಅಮ್ಮನೂ ಕೆಲಸದವಳೇ ಎಂಬುದನ್ನು ಹೇಳಲಿಲ್ಲ. ಹೋಗಿ ಆ ದಿನದ ಹದಿನಾರು ಟೊಂಯ್ ಕೂರಿಸಿದೆ.

"ಹೇಳ್ದೆಯಾ?" ಅಂದಳು ಅಮ್ಮ ಆ ಸಂಜೆ. ಅವನು ರಜೆ ಹಾಕಿದ್ದಾನೆ ಅಂದೆ. ಮರುದಿನ ಮೀಟಿಂಗಿಗೆ ಕಳಿಸಿದೆ. ವಾರ ಕಳೆಯುವಷ್ಟರಲ್ಲಿ ಇಲ್ಲದ ಆ ಮನುಷ್ಯನಿಗೆ ಜ್ವರವನ್ನೂ ತರಿಸಿದೆ. "ಪಾಪ, ವಾಸಿ ಆಗ್ಲಿ, ಆಮೇಲೇ ಹೇಳು," ಅಂದಳು ಅಮ್ಮ. ನಾನು ಊಟದ ತಟ್ಟೆ ಎತ್ತಿಕೊಂಡು ಎದ್ದೆ.

ನಮ್ಮ ಕೋಣೆಗೆ ಫೋನ್ ಒಯ್ಯುವಂತಿಲ್ಲ. ಬಾಗಿಲಾಚೆಯ ಗೂಡಿನಲ್ಲಿಟ್ಟು ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ನೋಡುತ್ತಿದ್ದೆ. ಗೊತ್ತಿಲ್ಲದ ನಂಬರ್ ಕಂಡರೆ, ಅಮ್ಮ ಬಿದ್ದಳೆಂಬ ಸುದ್ದಿಯೋ ಏನೋ ಎಂದು ಅಲ್ಲೇ ನಿಂತು ತಿರುಗಿ ಫೋನ್ ಮಾಡುತ್ತಿದ್ದೆ. ಆ ಮನೆಯ ಮೆಟ್ಟಿಲು ಹದಿನೆಂಟು. ಅಮ್ಮ ಅವನ್ನು ದಿನಕ್ಕೆ ಹತ್ತು ಸಲವಾದರೂ ಇಳಿಯುತ್ತಾಳೆ, ಎರಡೂ ಕೈಯಲ್ಲಿ ಬಿಸಿ ಹಿಡಿದು, ತುದಿಗಾಲಲ್ಲಿ. ಪರದೆಯ ಮೇಲೆ ದಿಂಬಿನ ಸೊಂಟ ಆಡುತ್ತಿದ್ದರೆ ನನ್ನ ಕಣ್ಣಿಗೆ ಆ ಮೆಟ್ಟಿಲುಗಳೇ.

ಮೂರನೆಯ ವಾರದ ಶುಕ್ರವಾರ ಬಂದ ಕಂತಿನಲ್ಲಿ ಕೆಲಸದವಳು ಚಹಾ ಹೊತ್ತು ಮೆಟ್ಟಿಲಿಳಿಯುತ್ತಾಳೆ, ಉರುಳಿ ಬೀಳುತ್ತಾಳೆ. ಜೊತೆಗಿದ್ದ ಚೀಟಿಯಲ್ಲಿ ಬರೆದಿತ್ತು: 'ಬೀಳುವಾಗ ದೊಡ್ಡ ಟೊಂಯ್, ಆಮೇಲೆ ಎಲ್ಲರ ನಗು.'

ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಒತ್ತಲಾಗಲಿಲ್ಲ. ಆದರೆ ಸದ್ದು ತೆಗೆದರೆ ಸಾಲದು. ಸೆಟ್ಟಿನ ಮೆಟ್ಟಿಲು ಪ್ಲೈವುಡ್ಡಿನದು, ಬರೀ ಟೊಳ್ಳು ಸದ್ದು, ಅದಕ್ಕೆ ಬೇರೆ ಹೆಜ್ಜೆಸದ್ದು ಕೂರಿಸಬೇಕು. ಸದ್ದು ಹಿಡಿಯುವ ಒಳಕೋಣೆಗೆ ಹೋಗಿ ಇಪ್ಪತ್ತು ಲೀಟರಿನ ನೀರಿನ ಕ್ಯಾನ್ ಅವುಚಿಕೊಂಡು ಮರದ ಹಲಗೆಯ ಮೇಲೆ ನಡೆದೆ. ಬಲಗಾಲ ಹೆಜ್ಜೆ ಭಾರ, ಎಡಗಾಲಿನದು ಚಿಕ್ಕದು, ನಡುವೆ ಒಂದು ಉಸಿರು. ಹನ್ನೆರಡನೇ ಸಲಕ್ಕೆ ಅಮ್ಮನ ನಡಿಗೆ ಬಂತು. ಬೀಳುವುದಕ್ಕೆ ಒಂದು ತಟ್ಟೆ, ಎರಡು ಲೋಟ ಕೆಡವಿದೆ. ಆಮೇಲೆ ನಗು ಹಾಕಲಿಲ್ಲ. ಏನೂ ಹಾಕಲಿಲ್ಲ.

ಕಂತು ನಾಲ್ಕಕ್ಕೆ ಚಾನೆಲ್‌ಗೆ ಹೋಗಬೇಕು. ಮೂರೂ ಐವತ್ತಕ್ಕೆ ಮೇಷ್ಟ್ರನ್ನು ಕರೆದೆ.

ಅವರು ಮೆಟ್ಟಿಲ ದೃಶ್ಯವನ್ನು ಪೂರ್ತಿ ನೋಡಿದರು. "ಟೊಂಯ್ ಎಲ್ಲಿ?"

"ಹಾಕಿಲ್ಲ ಸರ್."

"ಇದ್ಯಾರ ಕಾಲು?"

"ನಮ್ಮಮ್ಮ ಹೀಗೇ ನಡೆಯೋದು. ಅವಳು ಮನೆಕೆಲ್ಸ ಮಾಡ್ತಾಳೆ."

ಮೇಷ್ಟ್ರು ನನ್ನ ಮುಖ ನೋಡಲಿಲ್ಲ. ಬೀಳುವ ಜಾಗವನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳಿದರು. "ನಗು ಬರಲ್ಲ ಇದಕ್ಕೆ. ಏಟಾಯ್ತೇನೋ ಅನ್ಸುತ್ತೆ."

"ಹೌದು ಸರ್."

"ಬೇಕಂತಲೇ ತಡ ಮಾಡ್ದೆ, ಅಲ್ವಾ?"

"ಹೌದು ಸರ್."

"ಚಾನೆಲ್‌ನೋರು ಕೇಳಿದ್ರೆ ನಿನ್ನ ಹೆಸರೇ ಹೇಳೋದು, ನಾನು ಅಡ್ಡ ನಿಲ್ಲಲ್ಲ. ನಾಳೆ ಬಾ ಅಂತಾನೂ ಹೇಳಲ್ಲ, ಬರಬೇಡ ಅಂತಾನೂ ಹೇಳಲ್ಲ." ಗಡಿಯಾರ ನೋಡಿ, ಬೈದುಕೊಳ್ಳುತ್ತಲೇ ಕಂತನ್ನು ಕಳಿಸಿದರು.

ಏಳಕ್ಕೆ ಅಮ್ಮನ ಪಕ್ಕ ಕೂತೆ. ಫೋನ್ ತೊಡೆಯ ಮೇಲಿತ್ತು. ಕೆಲಸದವಳು ಮೆಟ್ಟಿಲ ತುದಿಗೆ ಬಂದಳು, ಇಳಿದಳು, ಒಂದು, ಎರಡು, ಮೂರು. ಬಿದ್ದಳು.

"ಅಯ್ಯೋ!" ಅಮ್ಮನ ಕೈ ತಾನಾಗಿಯೇ ಟಿವಿಯ ಕಡೆ ಚಾಚಿತು, ಹಿಡಿಯುವವಳ ಹಾಗೆ. ಆಮೇಲೆ ಕೈ ಇಳಿಸಿದಳು. "ಪಾಪದವಳು… ಲೇ, ಆ ಸದ್ದೇ ಬರ್ಲಿಲ್ಲ ಕಣೇ ಇವತ್ತು!"

ಇದೊಂದು ಕಂತಿಗೆ ಪುಟ್ಟಿಯ ಬಾಯಿ ನಿಲ್ಲುತ್ತದೆಂದು ನಾನು ನಂಬಿರಲಿಲ್ಲ. ನಾಳಿನ ಕಂತಿಗೆ ಬೇರೆ ಯಾರೋ ಸ್ಕೇಲ್ ಮೀಟಬಹುದು.

"ಹೇಳ್ಬಿಟ್ಟೆಯಾ ಅವನಿಗೆ? ಯಾರವನು? ಏನಂದ?" ಅಮ್ಮ ಪೂರ್ತಿ ನನ್ನ ಕಡೆ ತಿರುಗಿ ಕೂತಿದ್ದಳು. ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು.

ಫೋನ್ ನಡುಗಿತು. ಮೇಷ್ಟ್ರು. ಅದನ್ನು ಕವುಚಿ ಹಾಕಿ, ಟಿವಿ ಆರಿಸಿದೆ.

"ಅವನು ಅಂತ ಯಾರೂ ಇಲ್ಲಮ್ಮ," ಅಂದೆ. "ಆ ಸದ್ದು ಮಾಡಿದ್ದು ನಾನು. ದಿನಾ ಹಾಕ್ತಿದ್ದದ್ದೂ ನಾನೇ."