ಕಟ್ ಅಂದ ಮೇಲೆ

ಕುತ್ತಿಗೆಯ ಗುಂಡಿ ತೂರುತ್ತಿರಲಿಲ್ಲ. ಕಾಸ್ಟ್ಯೂಮ್ ಅಕ್ಕ ಹೆಣದ ಗದ್ದವನ್ನು ಕೊಂಚ ಎತ್ತಿ ಇನ್ನೊಮ್ಮೆ ಹಾಕಿದಳು. ನಲವತ್ತು ವರ್ಷ ನಟಿಯರಿಗೆ ಬಟ್ಟೆ ತೊಡಿಸಿದ ಕೈ, ಇವತ್ತು ಗೆಳತಿಗೆ ತೊಡಿಸುತ್ತಿತ್ತು.

"ದೊಡ್ಡಮ್ಮ, ಅಮ್ಮನ ಸಿನಿಮಾದ ಡೈರೆಕ್ಟರ್ ಬಂದಿದಾರೆ," ಸತ್ತವಳ ಮಗಳು ಒಳಗೆ ಬಂದಳು. "ಅವರ ಬಗ್ಗೆ ಯಾರೋ ಡಾಕ್ಯುಮೆಂಟರಿ ಮಾಡ್ತಿದಾರಂತೆ. ಅಮ್ಮನ ಮುಖ ಶೂಟ್ ಮಾಡ್ಬೇಕಂತೆ. ಪಾಪ, ಈ ವಯಸ್ಸಲ್ಲೂ ಬಂದಿದಾರೆ."

"ಪಾಪವಂತೆ ಪಾಪ!" ಅಕ್ಕ ಸಿಡುಕಿದಳು.

ಮೂಲೆಯಲ್ಲಿ ಕೂತಿದ್ದ ಕನ್ನಡಕದಂಗಡಿಯ ಯಜಮಾನ ಮೂಗು ಒರೆಸಿಕೊಂಡ. "ನಿಮ್ಮಮ್ಮ ಮೂವತ್ತು ವರ್ಷ ನಮ್ಮ ಅಂಗಡೀಲಿ ಕೆಲಸಕ್ಕಿದ್ರು. ಗಿರಾಕಿಗಳು 'ನೀವು ಆ ಸಿನಿಮಾದವರಲ್ವಾ' ಅಂದ್ರೆ, 'ನಿಮ್ಮ ನಂಬರ್ ಏರಿದೆ, ಕೂತ್ಕೊಳ್ಳಿ' ಅನ್ನೋರು."

"ಅಷ್ಟು ಹೆಸರು ಬಂದ್ಮೇಲೂ ಸಿನಿಮಾ ಯಾಕೆ ಬಿಟ್ಳೋ," ಅಂದಳು ಮಗಳು. "ಬಾಯೇ ಬಿಡ್ಲಿಲ್ಲ."

*

ಅಂದು ಸೆಟ್ಟಿನಲ್ಲಿ ಮಂಚದ ದೃಶ್ಯ. ಕ್ಯಾಮೆರಾದ ಪಕ್ಕ ಶಾಲು ಹಿಡಿದು ನಿಲ್ಲುವುದು, 'ಕಟ್' ಅಂದ ಕೂಡಲೇ ಓಡಿ ಹೊದಿಸುವುದು ಅಕ್ಕನ ಕೆಲಸ. ಹುಡುಗಿಗೆ ಆಗ ಇಪ್ಪತ್ತೊಂದು. "ಓಡಿ ಬರ್ತೀಯಲ್ಲಾ ಅಕ್ಕ?" ಎಂದು ಮೂರು ಸಲ ಕೇಳಿದ್ದಳು.

ಡೈರೆಕ್ಟರ್ 'ಕಟ್' ಅಂದ. ಅಕ್ಕ ಹೆಜ್ಜೆ ಎತ್ತಿದಳು. ಅವನು ರಟ್ಟೆ ಹಿಡಿದ. "ನಿಲ್ಲು. ಕ್ಯಾಮೆರಾ ಓಡ್ತಿದೆ."

ಕಟ್ ಅಂದರೂ ಬಿಡಬೇಡ ಎಂದು ಹೀರೋಗೆ ಮೊದಲೇ ಹೇಳಿಟ್ಟಿದ್ದ. ಮುಗಿಯಿತೆಂದು ಏಳಹೋದವಳನ್ನು ಹೀರೋ ಅದುಮಿ ಹಿಡಿದ. ಅವಳು ಒದ್ದಳು, ಪರಚಿದಳು, ಕೊನೆಗೆ "ಅಕ್ಕಾ" ಎಂದು ಚೀರಿದಳು. ಅಕ್ಕ ಕೊಸರಿಕೊಳ್ಳಬಹುದಿತ್ತು. ಕೆಲಸ ಹೋಗುತ್ತದೆಂದು ನಿಂತೇ ಇದ್ದಳು.

ಎಂಥ ಸಹಜ ಅಭಿನಯ ಎಂದು ಪತ್ರಿಕೆಗಳು ಕೊಂಡಾಡಿದವು. ಪ್ರಶಸ್ತಿ ಡೈರೆಕ್ಟರನಿಗೆ ಹೋಯಿತು. "ಅಕ್ಕಾ" ಎಂದು ಚೀರಿದ ಜಾಗಕ್ಕೆ ಪಿಟೀಲಿನ ಸಂಗೀತ ಹಾಕಿದ್ದರು.

*

ಅಕ್ಕ ಒಂದೂ ಬಿಡದೆ ಹೇಳಿದಳು. ಯಜಮಾನ ತಲೆ ತಗ್ಗಿಸಿದ.

"ನೀವು ನೋಡ್ತಾ ನಿಂತಿದ್ರಾ?" ಮಗಳು ಕೇಳಿದಳು.

"ನಿಂತಿದ್ದೆ."

"ಕೆಲಸಕ್ಕೆ ಹೆದರಿ ನಿಂತಿದ್ದು ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು ಮಗಳೇ. ಮನೆಗೆ ಬಂದ್ರೆ ಊಟ ಹಾಕ್ತಿದ್ಳು. ಹುಷಾರಿಲ್ದಾಗ ನಂಗೆ ಕಾಲೂ ಒತ್ತಿದ್ಳು. ಅಕ್ಕ ಅಂತ ಮಾತ್ರ ಮತ್ತೆ ಕರೀಲಿಲ್ಲ."

ಮಗಳು ಎದ್ದು ಬಾಗಿಲಿಗೆ ಹೋದಳು.

"ಎರಡೇ ನಿಮಿಷ ಕಣಮ್ಮ," ಡೈರೆಕ್ಟರ್ ಮೆಟ್ಟಿಲ ಮೇಲಿದ್ದ. "ನಿಮ್ಮಮ್ಮನ್ನ ಕಲಾವಿದೆ ಮಾಡಿದ್ದೇ ನಾನು."

"ಆಗಲ್ಲ."

"ಅವಳಿದ್ದಿದ್ರೆ ಬೇಡ ಅಂತಿರ್ಲಿಲ್ಲ."

"ಅಂದಿದ್ಳಲ್ಲ. ನೀವೇ ಶೂಟ್ ಮಾಡ್ಕೊಂಡಿದೀರಲ್ಲ."

ಚಿಲಕ ಬಿತ್ತು. ಮಗಳು ಬಂದು ಹೆಣದ ಆಚೆ ಬದಿ ಕೂತಳು. ಅಕ್ಕನ ಮುಖ ನೋಡಲಿಲ್ಲ; ಎದ್ದುಹೋಗೆಂದೂ ಹೇಳಲಿಲ್ಲ.

ಹೊರಗೆ ಸುಡುಬಿಸಿಲು. ಕಿಟಕಿಗೆ ಹೊರಗಿನಿಂದ ಕನ್ನಡಿಯಂತೆ ಕಾಣುವ ಕಪ್ಪು ಗಾಜು. ಒಳಗಿನವರಿಗೆ ತಾನು ಕಾಣುತ್ತೇನೆಂದು ತಿಳಿಯದೆ ಡೈರೆಕ್ಟರ್ ಗಾಜಿನ ಹತ್ತಿರ ಮುಖ ತಂದು ಬಾಚಣಿಗೆ ಎಳೆದುಕೊಂಡ. ಬೆರಳಿಗೆ ಎಂಜಲು ಹಚ್ಚಿ ಕಣ್ಣ ಕೆಳಗೆ ಸವರಿಕೊಂಡ. ಆಮೇಲೆ ತಿರುಗಿ, ಕ್ಯಾಮೆರಾದವನಿಗೆ ತಲೆಯಾಡಿಸಿ, ಬಿಕ್ಕಿ ಬಿಕ್ಕಿ ಅಳತೊಡಗಿದ.